ಗುಡಿ ಕಾಯಲು ಇಲಾಖೆಯಿದೆ, ಓಣಿ ಕಾಯುವವರು ಯಾರು?

ಕ್ರಿ.ಶ. 725ರ ಸುಮಾರಿಗೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆ ಎಂಬ ಊರಿಗೆ ಒಂದು ಆಚಾರ ವ್ಯವಸ್ಥೆಯನ್ನು ಬರೆಸಿಕೊಟ್ಟ. ಆ ಪೊರಿಗೆರೆಯೇ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ. ಶಾಸನದ ಒಂದು ಕಡೆ ಅರಸನ ಅಧಿಕಾರಿಗಳಿದ್ದಾರೆ; ಇನ್ನೊಂದು ಕಡೆ ಊರಿನ ಮಹಾಜನರು, ನಗರದ ವರ್ತಕರು ಮತ್ತು ಹದಿನೆಂಟು ಪ್ರಕೃತಿಗಳು, ಅಂದರೆ ಕಸುಬುದಾರರೂ ಸೇರಿದ ಬಗೆಬಗೆಯ ಜನವರ್ಗಗಳು. ಯಾರು ಯಾರಿಗೆ ಏನು ಕೊಡಬೇಕು, ಯಾರ ಯಾವ ಹಕ್ಕನ್ನು ಯಾರು ಮನ್ನಿಸಬೇಕು ಎಂಬುದನ್ನು ಎರಡೂ ಕಡೆಯವರು ಕಲ್ಲಿನ ಮೇಲೆ ಒಪ್ಪಿಕೊಂಡಿದ್ದಾರೆ. ಒಕ್ಕಲಿಲ್ಲದೆ ಖಾಲಿ ಬಿದ್ದ ಮನೆಗಳನ್ನು ರಾಜಪುರುಷರು ಕಾಯಬೇಕು, ಜನ ಮೊದಲಿನಿಂದ ಅನುಭವಿಸುತ್ತ ಬಂದ ಆಸ್ತಿಯನ್ನು ಅನುಭವಿಸಲು ಬಿಡಬೇಕು, ಮನೆಗಳು ತಮ್ಮ ಸ್ಥಿತಿಗತಿಗೆ ತಕ್ಕಂತೆ ದರ್ಜೆವಾರು ತೆರಿಗೆ ಕೊಡಬೇಕು ಎಂಬ ಮಾತುಗಳು ಅದರಲ್ಲಿವೆ. ಹದಿಮೂರು ನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಊರು ಎಂದರೆ ಮೊದಲು ಮನೆಗಳು ಎಂಬ ತಿಳಿವಳಿಕೆ ಇತ್ತು. ಪಾಳು ಬೀಳುವ ಒಂದು ಮನೆ ಇಡೀ ಓಣಿಯ ಚಿಂತೆ ಎಂಬುದು ಆ ಕಾಲದ ಆಡಳಿತಕ್ಕೂ ಗೊತ್ತಿತ್ತು, ಜನರಿಗೂ ಗೊತ್ತಿತ್ತು.

ಇಂದು ನಾವು ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಗುಡಿಗೆ ಕಾನೂನಿನ ರಕ್ಷಣೆ ಇದೆ. ಕೇಂದ್ರ ಸರ್ಕಾರದ 1958ರ ಸ್ಮಾರಕ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತ ಇದೆ. ಗುಡಿಯ ಸುತ್ತ ತಂತಿ ಬೇಲಿ, ನೀಲಿ ಫಲಕ, ಒಬ್ಬ ಕಾವಲುಗಾರ ಇರುತ್ತಾನೆ. ಬೇಲಿಯ ಆಚೆಗೆ ಹತ್ತು ಹೆಜ್ಜೆ ಇಟ್ಟರೆ ಮಾಳಿಗೆ ಮನೆಗಳ ಸಾಲು, ತುಂಬಿ ಹರಿಯುವ ಗಟಾರ, ಬಾಗಿಲಿಗೆ ಬೀಗ ಬಿದ್ದ ವಾಡೆ, ಮುಚ್ಚಿಹೋದ ಬಾವಿ. ಅವುಗಳ ಹೊಣೆ ಹೊರುವವರು ಯಾರೂ ಇಲ್ಲ. ಈ ಲೇಖನದ ವಾದ ಇಷ್ಟೇ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಪರಂಪರೆ ಉಳಿಯುವುದು ಅದರ ಮಗ್ಗುಲಲ್ಲಿ ಬದುಕುವ ಜನ ಸಂಘ ಕಟ್ಟಿಕೊಂಡಾಗ. ಆ ಸಂಘ ಉಳಿಯುವುದು ಹಬ್ಬದ ಹುರುಪಿನಿಂದಲ್ಲ. ಪಾಳಿ ಹಚ್ಚಿದ ಸಣ್ಣ ಕೆಲಸದಿಂದ ಮತ್ತು ಎಲ್ಲರೆದುರು ಓದಿದ ಜಮಾ-ಖರ್ಚಿನಿಂದ.

ಓಣಿ ಎಂದರೆ ಏನು?

ಹಳೆಯ ಪಟ್ಟಣ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಗುಡಿ. ಗದಗಿನ ತ್ರಿಕೂಟೇಶ್ವರ ಮತ್ತು ಅದರ ಆವರಣದ ಸರಸ್ವತಿ ಗುಡಿಯ ಕುಸುರಿ ಕಂಬಗಳು, ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ನಂಬುವ ವೀರನಾರಾಯಣ ಗುಡಿ, ಲಕ್ಷ್ಮೇಶ್ವರದ ಸೋಮೇಶ್ವರ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಎಲ್ಲವೂ ಚಿತ್ರಪಟಗಳಲ್ಲಿ ಬರುತ್ತವೆ. ಆದರೆ ಈ ಊರುಗಳ ಇತಿಹಾಸದ ಅರ್ಧ ಭಾಗ ಇರುವುದು ಅವುಗಳ ಸುತ್ತಲಿನ ಬದುಕಿನಲ್ಲಿ. ಬೆಟಗೇರಿಯ ಕುಣಿಮಗ್ಗದ ಮನೆಯ ಅಳತೆಯನ್ನು ನಿರ್ಧರಿಸಿದ್ದು ಮಗ್ಗ. ಪಡಸಾಲೆ ಎಷ್ಟು ಉದ್ದ ಇರಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂಬುದೆಲ್ಲ ನೇಯ್ಗೆಯ ಲೆಕ್ಕ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನ ಪೇಟೆಯಲ್ಲಿ ಅಚ್ಚಿನ ಮನೆಗಳು, ಪುಸ್ತಕದ ಅಂಗಡಿಗಳು ಓಣಿಯ ಗುಣವನ್ನೇ ರೂಪಿಸಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಸುತ್ತ, ಮುಂಡರಗಿಯ ಅನ್ನದಾನೀಶ್ವರ ಮಠದ ಸುತ್ತ ಬೆಳೆದ ಕೇರಿಗಳಿಗೆ ಜಾತ್ರೆಯ ತೇರು ತಿರುಗುವ ಅಗಲವೇ ಬೀದಿಯ ಅಗಲ. ಕಟ್ಟಡ ಉಳಿದು ಈ ಬದುಕು ಹೋದರೆ ಉಳಿಯುವುದು ಕಲ್ಲು ಮಾತ್ರ.

ಕಲ್ಲಾದರೂ ಒಂಟಿಯಾಗಿ ಉಳಿಯುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಗುಡಿಯ ಅಡಿಪಾಯವನ್ನು ಹಾಳು ಮಾಡುವುದು ಬಹಳ ಸಲ ಓಣಿಯ ಗಟಾರದ ನೀರು. ಪುಷ್ಕರಣಿ ಒಣಗುವುದು ಅದಕ್ಕೆ ನೀರು ತರುತ್ತಿದ್ದ ಹರಿವಿನ ದಾರಿಗೆ ಮಣ್ಣು ಬಿದ್ದಾಗ. ಇವೆರಡೂ ಬೇಲಿಯ ಹೊರಗೆ ನಡೆಯುವ ಕೆಲಸಗಳು. ಲಕ್ಕುಂಡಿಯಲ್ಲಿ 2024ರ ನವೆಂಬರಿನಲ್ಲಿ ಮನೆ ಮನೆಗಳಿಂದ ಪ್ರಾಚ್ಯಾವಶೇಷಗಳನ್ನು ಸಂಗ್ರಹಿಸುವ ಅಭಿಯಾನ ನಡೆಯಿತು. ಹಿತ್ತಲಲ್ಲಿ, ಕಟ್ಟೆಯ ಮೇಲೆ, ಗೋಡೆಯ ಮಗ್ಗುಲಲ್ಲಿ ಇದ್ದ ಶಿಲ್ಪಗಳನ್ನು, ಕೆತ್ತನೆಯ ಕಲ್ಲುಗಳನ್ನು ಊರವರೇ ತಂದೊಪ್ಪಿಸಿದರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಊರಿನಲ್ಲಿ ಇಷ್ಟೊಂದು ಕಲ್ಲುಗಳು ಇಷ್ಟು ಶತಮಾನ ಉಳಿದದ್ದು ಹೇಗೆ ಎಂದು ಕೇಳಿಕೊಂಡರೆ ಉತ್ತರ ಸರಳ: ಯಾವ ಇಲಾಖೆಯೂ ಇಲ್ಲದ ಕಾಲದಲ್ಲಿ ಅವುಗಳ ಜತೆ ಬದುಕಿದ ಒಕ್ಕಲುಗಳು ಅವುಗಳನ್ನು ಇಟ್ಟುಕೊಂಡಿದ್ದವು. ಕೆಲವನ್ನು ಪೂಜಿಸಿದವು, ಕೆಲವನ್ನು ಒಗೆಯುವ ಕಲ್ಲು ಮಾಡಿಕೊಂಡವು. ಆದರೆ ಹೊರಗೆ ಹೋಗಲು ಬಿಡಲಿಲ್ಲ. ಸಂರಕ್ಷಣೆಯಲ್ಲಿ ಜನ ಹೊರಗಿನವರಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಕಾನೂನು ಬಿಟ್ಟ ಜಾಗ

ಹಾಗಾದರೆ ಓಣಿಯ ಮಾತು ಕೇಳುವ ವೇದಿಕೆ ಯಾವುದು? ಹಳ್ಳಿಯಲ್ಲಿ ಅದು ಇದೆ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಸೇರಲೇಬೇಕು. ಲಕ್ಕುಂಡಿಯ ಒಕ್ಕಲಿಗೆ ಕನಿಷ್ಠ ಕಾಗದದ ಮೇಲಾದರೂ ಎದ್ದು ನಿಂತು ಕೇಳುವ ಹಕ್ಕಿದೆ. ಪಟ್ಟಣದಲ್ಲಿ ಚಿತ್ರ ಬೇರೆ. ಸಂವಿಧಾನದ 74ನೇ ತಿದ್ದುಪಡಿ ತಂದ 243ಎಸ್ ವಿಧಿಯು ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ಗದಗ-ಬೆಟಗೇರಿಯದು ಸುಮಾರು 1.72 ಲಕ್ಷ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಅದಕ್ಕಿಂತ ಬಹಳ ಚಿಕ್ಕವು. ಬೆಂಗಳೂರಿನ ಬಡಾವಣೆಗೆ ಸಿಕ್ಕ ಸಾಂವಿಧಾನಿಕ ಬಾಗಿಲು ಸಾವಿರ ವರ್ಷ ಹಳೆಯ ಪುಲಿಗೆರೆಯ ಓಣಿಗೆ ಸಿಗಲಿಲ್ಲ. ಗದಗ-ಬೆಟಗೇರಿ ನಗರಸಭೆಯ 35 ವಾರ್ಡುಗಳಿಗೆ 35 ಸದಸ್ಯರಿದ್ದಾರೆ ನಿಜ. ಆದರೆ ಒಬ್ಬ ಸದಸ್ಯ ಸಾವಿರಾರು ಜನರ ಪ್ರತಿನಿಧಿ. ಒಂದು ಬಾವಿಯ ಹೂಳು, ಒಂದು ವಾಡೆಯ ಬಿರುಕು, ಒಂದು ತಿರುವಿನ ದೀಪ ಅವರ ಕಣ್ಣಿಗೆ ತಾನಾಗಿ ಬೀಳುವುದಿಲ್ಲ. ಕಾನೂನು ಬಿಟ್ಟ ಈ ಜಾಗವನ್ನು ಸ್ವಯಂಸೇವೆಯ ಓಣಿ ಸಂಘ ತುಂಬಬೇಕಾಗಿದೆ.

ಇಂಥ ಸಂಘ ನಮಗೆ ಹೊಸತಲ್ಲ. ನಮ್ಮ ಕಡೆ ದೈವ ಎಂಬ ಮಾತಿಗೆ ದೇವರು ಎಂಬುದರ ಜತೆಗೆ ಇನ್ನೊಂದು ಅರ್ಥವಿದೆ: ಕೂಡಿದ ಜನ. ದೈವದ ಮುಂದೆ ಹೇಳು, ದೈವ ಒಪ್ಪಿದರೆ ಆಯಿತು ಎಂದರೆ ಸೇರಿದ ಹಿರಿಯರ, ಒಕ್ಕಲುಗಳ ತೀರ್ಮಾನಕ್ಕೆ ಬಿಡು ಎಂದರ್ಥ. ಜನಸಮೂಹಕ್ಕೆ ದೇವರ ಹೆಸರನ್ನೇ ಕೊಟ್ಟ ಭಾಷೆ ನಮ್ಮದು. ಕಾಮಣ್ಣನಿಗೆ, ಗಣಪತಿಗೆ, ಮೊಹರಂ ಅಲಾಯಿಗೆ, ಜಾತ್ರೆಗೆ ಮನೆ ಮನೆಯಿಂದ ಪಟ್ಟಿ ಎತ್ತಿ ಖರ್ಚು ನಿಭಾಯಿಸುವ ಕಲೆ ಪ್ರತಿ ಓಣಿಗೂ ಗೊತ್ತು. ಯಾರ ಮನೆಯಲ್ಲಿ ಎಷ್ಟು ಕೇಳಬಹುದು, ಯಾರಿಂದ ದುಡ್ಡಿನ ಬದಲು ಕೈಗೆಲಸ ಕೇಳಬೇಕು, ಯಾವ ಮನೆಗೆ ಹೋಗಲೇಬಾರದು ಎಂಬ ಸೂಕ್ಷ್ಮ ಪಟ್ಟಿ ಎತ್ತುವವರಿಗೆ ಬಾಯಿಪಾಠ. ಹೊಲದಲ್ಲಿ ಮುಯ್ಯಾಳು ಪದ್ಧತಿಯೂ ಇದೇ ಬಗೆಯದು: ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಹಳೆಯ ಪಟ್ಟಣದ ಸಂಘ ಕಟ್ಟಲು ಬೇಕಾದ ಎಲ್ಲ ವಿದ್ಯೆ ಈ ಎರಡು ರೂಢಿಗಳಲ್ಲಿ ಆಗಲೇ ಇದೆ.

ಆದರೆ ರೂಢಿಯ ಮಿತಿಯನ್ನೂ ಮುಚ್ಚಿಡಬಾರದು. ಹಳೆಯ ದೈವದಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಹೆಂಗಸರು ಬಾಗಿಲ ಮರೆಯಲ್ಲಿ, ದಲಿತರು ಅಗಸಿಯ ಹೊರಗೆ, ಬಾಡಿಗೆಯವರು ಲೆಕ್ಕಕ್ಕೇ ಇಲ್ಲ. ಜಾತಿಗೊಂದು ಸಮಾಜ, ಸಮಾಜಕ್ಕೊಂದು ಕಮಿಟಿ, ಕಮಿಟಿಗೊಂದು ಸಮುದಾಯ ಭವನ ಎಂಬ ಇಂದಿನ ಕ್ರಮವೂ ಅದರ ಮುಂದುವರಿಕೆಯೇ. ಇವು ತಮ್ಮವರಿಗೆ ಮಾಡುವ ಉಪಕಾರ ದೊಡ್ಡದು. ಆದರೆ ಗಟಾರ ಜಾತಿ ನೋಡಿ ಹರಿಯುವುದಿಲ್ಲ, ಬಾವಿಯ ಸೆಲೆ ಒಂದು ಸಮಾಜದ ಹಿತ್ತಲಲ್ಲಿ ನಿಲ್ಲುವುದಿಲ್ಲ. ಓಣಿಯ ಕೆಲಸಕ್ಕೆ ಓಣಿಯೇ ಘಟಕವಾಗಬೇಕು. ಅಲ್ಲಿ ಒಲೆ ಹೊತ್ತಿಸುವ ಪ್ರತಿ ಮನೆಯೂ, ಸ್ವಂತದ್ದಿರಲಿ ಬಾಡಿಗೆಯದಿರಲಿ, ಸದಸ್ಯ ಮನೆಯಾಗಬೇಕು. ಇದು ಆಗದ ಮಾತೇನಲ್ಲ. ಹಿಂದೂ ಮುಸ್ಲಿಂ ಭಕ್ತರಿಬ್ಬರೂ ತಮ್ಮದೆಂದು ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ ಇದೇ ನೆಲದಲ್ಲಿದೆ. ಸೋಮೇಶ್ವರ ಗುಡಿ, ಬಸದಿ, ಮಸೀದಿ ಮೂರೂ ಒಂದೇ ಊರಿನಲ್ಲಿರುವ ಲಕ್ಷ್ಮೇಶ್ವರದಲ್ಲಿ ಯಾವ ಒಂದು ಸಮಾಜವೂ ಊರಿನ ಪರಂಪರೆಯನ್ನು ಒಬ್ಬಂಟಿಯಾಗಿ ಕಾಯಲಾರದು.

ಚಳವಳಿಗೆ ಎದುರಾಳಿ, ಸಂಘಕ್ಕೆ ಪಾಳಿ

ಈ ಸೀಮೆಯ ಜನ ಒಟ್ಟಾಗಲಾರರು ಎಂದು ಯಾರೂ ಹೇಳುವಂತಿಲ್ಲ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ರೈತರು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಎದ್ದು ನಿಂತರು. 2011ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಹಿಂತೆಗೆದುಕೊಂಡಾಗಲೂ ಜನ ಸುಮ್ಮನಿರಲಿಲ್ಲ. ಮಾನ್ಯತೆ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವೂ ಆಯಿತು. ಇವು ನಾಡಿಗೇ ಪಾಠವಾದ ಗೆಲುವುಗಳು. ಆದರೆ ಚಳವಳಿ ಮತ್ತು ಸಂಘಕ್ಕೆ ಒಂದು ವ್ಯತ್ಯಾಸವಿದೆ. ಚಳವಳಿಗೆ ಎದುರಾಳಿ ಬೇಕು. ಎದುರಾಳಿ ಕಣ್ಣಿಗೆ ಕಾಣುವತನಕ ಜನ ಕೂಡುತ್ತಾರೆ, ಗೆದ್ದ ಮೇಲೆ ಮನೆಗೆ ಹೋಗುತ್ತಾರೆ. ಹಾಗೆ ಹೋಗುವುದು ಸಹಜವೂ ಹೌದು. ಹಳೆಯ ಓಣಿಯ ಶತ್ರುವಿಗೆ ಮುಖವೇ ಇಲ್ಲ. ಮಾಳಿಗೆಯ ಮೇಲಿನ ಮಣ್ಣು ಮಳೆಗೆ ಕರಗುವುದು, ಗೋಡೆಯಲ್ಲಿ ಅರಳಿ ಸಸಿ ಬೇರು ಬಿಡುವುದು, ಮಕ್ಕಳು ಹುಬ್ಬಳ್ಳಿ ಬೆಂಗಳೂರಿಗೆ ಹೋಗಿ ಮನೆಗೆ ಬೀಗ ಬೀಳುವುದು ದಿನಕ್ಕೊಂದಿಷ್ಟು ನಡೆಯುವ ಕ್ಷಯ. ಅದರ ವಿರುದ್ಧ ಘೋಷಣೆ ಕೂಗಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ಪಾಳಿ: ಈ ತಿಂಗಳು ಈ ನಾಲ್ಕು ಮನೆಯವರು, ಮುಂದಿನ ತಿಂಗಳು ಆ ನಾಲ್ಕು ಮನೆಯವರು.

ಅದರ ಜತೆಗೆ ಬೇಕಾದದ್ದು ಲೆಕ್ಕದ ಪುಸ್ತಕ. ಇದಕ್ಕೂ ಹೊರಗಿನ ಮಾದರಿ ಹುಡುಕಬೇಕಾಗಿಲ್ಲ. ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದ ಸಂಘ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ದೊಡ್ಡ ಬಂಡವಾಳವಾಗಲಿ ದೊಡ್ಡ ಹೆಸರಾಗಲಿ ಸಹಕಾರಿ ಪತ್ತಿನ ಬಲವಲ್ಲ. ಪಾಲುದಾರರೆಲ್ಲರೂ ಒಬ್ಬರಿಗೊಬ್ಬರು ಗೊತ್ತು, ಬರೆದ ಅಂಕಿಯನ್ನು ಯಾರು ಬೇಕಾದರೂ ನೋಡಬಹುದು, ಸಾಲ ತೀರಿಸದಿದ್ದರೆ ಮಗ್ಗುಲ ಮನೆಯವನಿಗೆ ಉತ್ತರ ಹೇಳಬೇಕು ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ. ಓಣಿ ಸಂಘದ ಬಲವೂ ಈ ಮೂರರಲ್ಲೇ ಇದೆ. ಹಣ ಕೊಡುವವರ ಕೊರತೆಯಿಂದ ನಿಂತ ಸಂಘಗಳಿಗಿಂತ ಲೆಕ್ಕ ಹೇಳುವವರ ಕೊರತೆಯಿಂದ ನಿಂತ ಸಂಘಗಳೇ ಹೆಚ್ಚು.

ಸಂಘ ನಡೆಸುವ ಬಗೆ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘವನ್ನು ನೋಂದಾಯಿಸಲು ಏಳು ಜನ ಸಾಕು. ಉದ್ದೇಶಪತ್ರ, ನಿಯಮಾವಳಿ ಬರೆದು ಜಿಲ್ಲೆಯ ನೋಂದಣಾಧಿಕಾರಿಗೆ ಸಲ್ಲಿಸಿದರೆ ಹುಟ್ಟು ಮುಗಿಯಿತು. ಕಷ್ಟ ಇರುವುದು ಆಮೇಲೆ: ಪ್ರತಿವರ್ಷ ಸರ್ವಸಾಧಾರಣ ಸಭೆ ಸೇರಬೇಕು, ಲೆಕ್ಕಪತ್ರ ಮತ್ತು ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು. ಇದನ್ನು ಕಿರಿಕಿರಿ ಎಂದು ನೋಡುವ ಬದಲು ಸಂಘದ ನಾಡಿ ಎಂದು ನೋಡಬೇಕು. ವಂತಿಗೆಯ ವಿಷಯದಲ್ಲಿ ಪೊರಿಗೆರೆಯ ಶಾಸನವೇ ದಾರಿ ತೋರುತ್ತದೆ: ಎಲ್ಲರಿಗೂ ಒಂದೇ ದರ ಬೇಡ, ಮನೆಯ ಶಕ್ತಿ ನೋಡಿ ದರ್ಜೆ ಮಾಡಬೇಕು. ಉದಾಹರಣೆಗೆ 120 ಮನೆಗಳ ಓಣಿಯಲ್ಲಿ ತಿಂಗಳಿಗೆ ಕೆಲವರು 50, ಕೆಲವರು 30, ಕೆಲವರು 10 ರೂಪಾಯಿ ಕೊಟ್ಟು ಸರಾಸರಿ 30 ಬಂದರೂ ವರ್ಷಕ್ಕೆ 43,200 ರೂಪಾಯಿ ಆಗುತ್ತದೆ. ಈ ಹಣದಲ್ಲಿ ಗುಡಿಯ ಜೀರ್ಣೋದ್ಧಾರ ಆಗದು; ಆಗಬೇಕಾಗಿಯೂ ಇಲ್ಲ. ಮಳೆಗಾಲಕ್ಕೆ ಮೊದಲು ಗಟಾರದ ಹೂಳು, ಬಾವಿಯ ಸುತ್ತಲಿನ ಕಂಟಿ, ಒಬ್ಬ ವೃದ್ಧೆಯ ಮನೆಯ ಮಾಳಿಗೆಗೆ ಹೊಸ ಮಣ್ಣು, ಅರ್ಜಿಗಳ ಜೆರಾಕ್ಸು ಮತ್ತು ಅಂಚೆ ವೆಚ್ಚ ಇಷ್ಟು ಸಲೀಸಾಗಿ ನಡೆಯುತ್ತದೆ.

ಕೆಲಸದ ಪಟ್ಟಿಯಲ್ಲಿ ಮೊದಲನೆಯದು ಮನೆಗಳ ದಾಖಲೆ ಪುಸ್ತಕವಾಗಬೇಕು. ಯಾವ ಮನೆ ಯಾವಾಗಿನದು, ಗೋಡೆ ಕಲ್ಲಿನದೋ ಮಣ್ಣಿನದೋ, ಬಾವಿ ಇದೆಯೋ, ಮಗ್ಗ ಇದೆಯೋ, ಒಕ್ಕಲಿದೆಯೋ ಬೀಗ ಬಿದ್ದಿದೆಯೋ ಎಂದು ಮನೆಗೊಂದು ಪುಟ ಬರೆಯಬೇಕು. ಸ್ವಾತಂತ್ರ್ಯಕ್ಕೆ ಮೊದಲು ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಗದಗ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಪ್ಪತ್ತು ಮೂವತ್ತು ಮೈಲಿಯೊಳಗೆ ಮೂರು ಆಡಳಿತಗಳ ಇತಿಹಾಸ ಇರುವ ಕಡೆ ಹಳೆಯ ಉತಾರ, ಖರೀದಿ ಪತ್ರ, ವಾಟ್ನಿ ಪತ್ರಗಳನ್ನು ಜೋಪಾನವಾಗಿಡುವುದೇ ಒಂದು ಸೇವೆ. ಮನೆ ಪಾಳು ಬೀಳಲು ಬಡತನದಷ್ಟೇ ಕಾರಣ ಅಣ್ಣತಮ್ಮಂದಿರ ಇತ್ಯರ್ಥವಾಗದ ಹಿಸ್ಸೆ. ಕಾಗದ ಸ್ಪಷ್ಟವಿದ್ದ ಮನೆಗೆ ಬೇಗ ಒಕ್ಕಲು ಸಿಗುತ್ತದೆ. ಎರಡನೆಯದು ನೀರು. ಹಮ್ಮಿಗಿ ಬ್ಯಾರೇಜಿನಿಂದ ಬರುವ ತುಂಗಭದ್ರೆಯ ನೀರಿಗಾಗಿ ಗದಗ-ಬೆಟಗೇರಿಯ ಜನ ಬೇಸಿಗೆಯಲ್ಲಿ ಹಲವು ದಿನ ಕಾಯುತ್ತಾರೆ. ಅಂಥ ಊರಿನಲ್ಲಿ ಓಣಿಯ ಹಳೆಯ ಬಾವಿ ಅಲಂಕಾರದ ವಸ್ತುವಲ್ಲ. ಕುಡಿಯಲು ಅಲ್ಲದಿದ್ದರೂ ಬಳಸಲು ನೀರು ಕೊಡುವ ಬಾವಿಗೆ ಕಸ ಹಾಕುವ ಕೈ ತಾನಾಗಿ ಹಿಂದೆ ಸರಿಯುತ್ತದೆ. ಬಳಕೆಯೇ ಬಾವಿಗೆ ಕಾವಲು.

ಎದುರು ಮಾತುಗಳು

ಇದೆಲ್ಲ ಸರ್ಕಾರದ ಕೆಲಸ, ಮನೆ ಕರ ಕಟ್ಟುವ ನಾವೇಕೆ ಮಾಡಬೇಕು ಎಂಬುದು ಮೊದಲ ಆಕ್ಷೇಪ. ಅದರಲ್ಲಿ ನ್ಯಾಯವಿದೆ. ನಗರಸಭೆಯ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುವುದು ಸಂಘದ ಕೆಲಸವಾಗಬಾರದು. ಹಾಗಾದರೆ ನಗರಸಭೆ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ. ಸಂಘದ ಕೆಲಸ ನೋಡುವುದು, ಬರೆಯುವುದು, ಕೇಳುವುದು. ಒಬ್ಬ ನಿವಾಸಿಯ ಬಾಯಿಮಾತಿನ ದೂರಿಗೂ, 120 ಮನೆಗಳ ಠರಾವು, ದಿನಾಂಕ ಹಾಕಿದ ಚಿತ್ರ, ಹಿಂದಿನ ಮೂರು ಅರ್ಜಿಗಳ ಪ್ರತಿ ಸೇರಿಸಿ ಕೊಟ್ಟ ದೂರಿಗೂ ಕಚೇರಿಯ ಮೇಜಿನ ಮೇಲೆ ಬೇರೆ ಬೇರೆ ತೂಕ. 2005ರ ಮಾಹಿತಿ ಹಕ್ಕು ಕಾಯ್ದೆ, ರಾಜ್ಯದ 2011ರ ಸಕಾಲ ಕಾಯ್ದೆ ಇವೆರಡನ್ನೂ ಒಬ್ಬಂಟಿ ನಾಗರಿಕ ಬಳಸುವುದಕ್ಕಿಂತ ಓಣಿ ಒಟ್ಟಾಗಿ ಬಳಸಿದರೆ ಅಂಜಿಕೆ ಕಡಿಮೆ, ಫಲ ಹೆಚ್ಚು. ಜತೆಗೆ ಇನ್ನೊಂದು ಮಾತು: ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಯಿತು. ಅಂಥ ದೊಡ್ಡ ನೆರವು ತಲೆಮಾರಿಗೊಮ್ಮೆ ಬರುತ್ತದೆ. ಒಂದು ಜೀರ್ಣೋದ್ಧಾರಕ್ಕೂ ಮುಂದಿನದಕ್ಕೂ ನಡುವಿನ ಐವತ್ತು ಮಳೆಗಾಲಗಳನ್ನು ದಾಟಿಸುವವರು ಮಗ್ಗುಲಿನ ಜನ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಪರಂಪರೆ ಪರಂಪರೆ ಎನ್ನುತ್ತಾ ನಮ್ಮ ಮನೆಗೆ ಒಂದು ಇಟ್ಟಿಗೆ ಇಡಲೂ ಬಿಡುವುದಿಲ್ಲ, ಕೊನೆಗೆ ನಮ್ಮನ್ನೇ ಎಬ್ಬಿಸುತ್ತಾರೆ ಎಂಬ ಭಯ ಜನರಲ್ಲಿದೆ. ಭಯ ಸುಳ್ಳಲ್ಲ. ಕೇಂದ್ರದ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಗುಡಿಗೆ ಅಂಟಿಕೊಂಡೇ ಓಣಿ ಬೆಳೆದ ಗದಗಿನಂಥ ಊರಿನಲ್ಲಿ 100 ಮೀಟರ್ ಎಂದರೆ ಎಷ್ಟೋ ಸಂಸಾರಗಳ ಬದುಕು. ನಮ್ಮ ನೆರೆಯ ಹಂಪಿಯಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಅಂಗಡಿ, ಮನೆಗಳನ್ನು ಜಿಲ್ಲಾಡಳಿತ ತೆರವು ಮಾಡಿದ್ದನ್ನು ನಾಡು ನೋಡಿದೆ. ಮಂಟಪಗಳನ್ನು ಒತ್ತುವರಿ ಮಾಡಿ ಗೋಡೆ ಎಬ್ಬಿಸಿದ್ದು ತಪ್ಪು ಎಂಬುದು ಎಷ್ಟು ನಿಜವೋ, ಹಲವು ವರ್ಷ ಅಲ್ಲಿ ಬದುಕಿದವರನ್ನು ಕಲ್ಲಿನ ಶತ್ರುಗಳೆಂದು ಕಂಡದ್ದೂ ಅಷ್ಟೇ ತಪ್ಪು. ನಿತ್ಯದ ಮಾತುಕತೆಗೆ ಒಂದು ಸಂಸ್ಥೆ ಇಲ್ಲದ ಕಡೆ ಸಮಸ್ಯೆ ವರ್ಷಗಟ್ಟಲೆ ಬೆಳೆದು ಕೊನೆಗೆ ಬುಲ್‌ಡೋಜರಿನಿಂದ ಇತ್ಯರ್ಥವಾಗುತ್ತದೆ. ಆದ್ದರಿಂದ ಈ ಭಯ ಸಂಘ ಬೇಡ ಎನ್ನುವುದಕ್ಕೆ ಕಾರಣವಾಗದು. ಸಂಘ ಬೇಗ ಬೇಕು ಎನ್ನುವುದಕ್ಕೇ ಕಾರಣ.

ಕಾನೂನನ್ನು ಪೂರ್ತಿ ಓದಿದರೆ ಜನರಿಗೆ ಅದು ಕೊಡುವ ಅವಕಾಶವೂ ಕಾಣುತ್ತದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ನಿಷೇಧಿತ ಪ್ರದೇಶದಲ್ಲೂ ದುರಸ್ತಿ ಮಾಡಿಕೊಳ್ಳಲು ಸಕ್ಷಮ ಪ್ರಾಧಿಕಾರದ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು. ಅರ್ಜಿ ಹಾಕುವ ದಾರಿ ಗೊತ್ತಿಲ್ಲದೆ, ನಕ್ಷೆ ಮಾಡಿಸುವ ಖರ್ಚಿಗೆ ಹೆದರಿ ಜನ ಎರಡರಲ್ಲಿ ಒಂದು ಮಾಡುತ್ತಾರೆ: ರಾತ್ರೋರಾತ್ರಿ ಕಾಂಕ್ರೀಟು ಹಾಕುತ್ತಾರೆ, ಇಲ್ಲವೇ ಮನೆ ಬಿಟ್ಟುಹೋಗುತ್ತಾರೆ. ಎರಡರಿಂದಲೂ ಓಣಿಗೆ ನಷ್ಟ. ಹತ್ತು ಮನೆಗಳ ಅರ್ಜಿಯನ್ನು ಸಂಘ ಒಟ್ಟಿಗೆ ಸಿದ್ಧಪಡಿಸಿದರೆ ನಕ್ಷೆಯ ಖರ್ಚು ಹಂಚಿಹೋಗುತ್ತದೆ, ಓಡಾಟ ಒಬ್ಬರಿಗೇ ಬೀಳುವುದಿಲ್ಲ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿಗಳನ್ನು ಮಾಡಬೇಕೆಂದು ಅದೇ ತಿದ್ದುಪಡಿ ಹೇಳುತ್ತದೆ. ಮಾಳಿಗೆಯ ಎತ್ತರ ಎಷ್ಟಿರಬೇಕು, ಮಗ್ಗದ ಮನೆಗೆ ಏನು ವಿನಾಯಿತಿ, ತೇರಿನ ಬೀದಿ ಹೇಗಿರಬೇಕು ಎಂದು ಹೇಳುವ ಜನ ಆ ಹೊತ್ತಿನಲ್ಲಿ ಮೇಜಿನ ಮುಂದೆ ಇರಬೇಕು. ಗುಡಿಗಾಗಿ ಮಾಳಿಗೆ ಏರಿಸುವ ಹಕ್ಕು ಬಿಟ್ಟುಕೊಟ್ಟ ಬಡ ಕುಟುಂಬಕ್ಕೆ ಸಮಾಜ ಪರಿಹಾರ ಕೊಡಬೇಕು ಎಂಬ ಬೇಡಿಕೆಯೂ ನ್ಯಾಯವಾದದ್ದೇ. ಅದನ್ನು ಒಂದೇ ದನಿಯಲ್ಲಿ ಹೇಳಲು ಸಂಘವೇ ಬಾಯಿ.

ಮೂರನೆಯ ಆಕ್ಷೇಪ: ಇಂಥ ಸಂಘಗಳು ನಾಲ್ಕು ದಿನದಲ್ಲಿ ರಾಜಕೀಯದ ಏಣಿ ಆಗುತ್ತವೆ, ಇಲ್ಲವೇ ಪುರಸೊತ್ತಿರುವ ಉಳ್ಳವರ ಕೂಟವಾಗುತ್ತವೆ. ಹಾಗೆ ಆಗುವುದುಂಟು. ಅದಕ್ಕೆ ಮದ್ದು ಒಳ್ಳೆಯ ಮನುಷ್ಯರನ್ನು ಹುಡುಕುವುದಲ್ಲ, ಒಳ್ಳೆಯ ನಿಯಮ ಬರೆಯುವುದು. ಯಾವ ಹುದ್ದೆಯೂ ಒಬ್ಬರಿಗೆ ಎರಡು ಅವಧಿ ಮೀರಬಾರದು. ಚುನಾವಣೆಗೆ ನಿಲ್ಲುವವರು ಮೊದಲು ಹುದ್ದೆ ಬಿಡಬೇಕು. ಖಜಾಂಚಿ ಮತ್ತು ಅಧ್ಯಕ್ಷ ಒಂದೇ ಮನೆತನದವರಾಗಬಾರದು. ತಿಂಗಳ ಜಮಾ-ಖರ್ಚನ್ನು ಗುಡಿ, ಮಸೀದಿ, ಕಿರಾಣಿ ಅಂಗಡಿ ಎಲ್ಲ ಕಡೆ ಅಂಟಿಸಬೇಕು. ಮುದ್ರಣ ಕಾಶಿಯಲ್ಲಿ ಒಂದು ಹಾಳೆ ಅಚ್ಚು ಹಾಕಿಸುವುದು ಭಾರವಲ್ಲ. ಸಭೆ ಮಗ್ಗ ನಿಂತ ಮೇಲೆ, ಅಡಿಗೆ ಮುಗಿದ ಮೇಲೆ ಸೇರಬೇಕು. ಕೂಲಿ ಕಳೆದುಕೊಂಡು ಬರುವ ಸಭೆಗೆ ಬಡವರು ಬರಲಾರರು. ಆಡಳಿತ ಮಂಡಳಿಯ ಅರ್ಧ ಜಾಗ ಹೆಂಗಸರದಾಗಬೇಕು, ಏಕೆಂದರೆ ನೀರು, ಗಟಾರ, ಕತ್ತಲ ತಿರುವು ಇವುಗಳ ನಿತ್ಯದ ಲೆಕ್ಕ ಇರುವುದು ಅವರಲ್ಲಿ. ದುಡ್ಡು ಕೊಡಲಾಗದವರ ಎರಡು ತಾಸಿನ ದುಡಿಮೆಯನ್ನು ವಂತಿಗೆಯೆಂದೇ ಪುಸ್ತಕದಲ್ಲಿ ಬರೆಯಬೇಕು. ಹೀಗೆ ಬರೆದಾಗ ಗಾರೆ ಕೆಲಸದವನೂ ಬಡಿಗನೂ ಸಂಘದ ದೊಡ್ಡ ದಾನಿಗಳಾಗಿ ಕಾಣುತ್ತಾರೆ. ನಿಜಕ್ಕೂ ಅವರೇ ದೊಡ್ಡ ದಾನಿಗಳು.

ದೇಶದ ಬೇರೆ ಕಡೆಯ ಅನುಭವವೂ ಇದನ್ನೇ ಹೇಳುತ್ತದೆ. ಅಹಮದಾಬಾದಿನ ಕೋಟೆಯೊಳಗಿನ ಪೋಲ್ ಎಂಬ ಓಣಿಗಳು ಶತಮಾನಗಳ ಕಾಲ ತಮ್ಮದೇ ಪಂಚರನ್ನು ಇಟ್ಟುಕೊಂಡು ಬಾಗಿಲು, ಬಾವಿ, ಹಕ್ಕಿಗೂಡಿನ ಕಂಬಗಳವರೆಗೆ ನೋಡಿಕೊಂಡವು. ಅಲ್ಲಿನ ಮಹಾನಗರ ಪಾಲಿಕೆ 1996ರಲ್ಲಿ ಪರಂಪರೆಗೆಂದೇ ಒಂದು ವಿಭಾಗ ತೆರೆದು ನಿವಾಸಿಗಳ ಜತೆ ಕೈಜೋಡಿಸಿತು. 2017ರಲ್ಲಿ ಆ ಹಳೆಯ ನಗರ ವಿಶ್ವ ಪಾರಂಪರಿಕ ತಾಣವಾಯಿತು. ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಅಲ್ಲೂ ವಾಡೆಗಳು ಬೀಳುತ್ತಿವೆ. ಆದರೆ ಮಾನ್ಯತೆ ಸಿಕ್ಕಿದ್ದು ಒಂಟಿ ಕಟ್ಟಡಕ್ಕಲ್ಲ, ಜನ ಬದುಕುವ ಓಣಿಗಳ ಇಡೀ ಹೆಣಿಗೆಗೆ ಎಂಬುದನ್ನು ನಮ್ಮ ಊರುಗಳು ಗಮನಿಸಬೇಕು. ಗದಗಿಗೋ ಲಕ್ಷ್ಮೇಶ್ವರಕ್ಕೋ ಅಂಥ ಹೆಸರು ಬರುತ್ತದೋ ಇಲ್ಲವೋ, ಅದು ಗುರಿಯಾಗಬೇಕಾಗಿಲ್ಲ. ಮಗಳು ತವರಿಗೆ ಬಂದಾಗ ತಾನು ಆಡಿದ ಕಟ್ಟೆ ಇರುವುದು, ನೇಕಾರನ ಮಗ್ಗ ಅದೇ ಪಡಸಾಲೆಯಲ್ಲಿ ಸದ್ದು ಮಾಡುವುದು, ಬಾವಿಯ ನೀರು ತಿಳಿಯಾಗಿರುವುದು ಸಾಕಷ್ಟು ದೊಡ್ಡ ಗುರಿ.

ಪಂಪ ಕೊಂಡಾಡಿದ ತಿರುಳ್ಗನ್ನಡದ ಪುಲಿಗೆರೆ ಇದು. ಆ ತಿರುಳು ಹುಟ್ಟಿದ್ದು ಅರಮನೆಯಲ್ಲಿ ಮಾತ್ರವಲ್ಲ, ಓಣಿಯ ಕಟ್ಟೆಯ ಮೇಲೂ. ಆ ಕಟ್ಟೆಯನ್ನು ಕಾಯುವ ಹೊಣೆ ಅದರ ಮೇಲೆ ಕೂರುವವರದು. ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಓಣಿಯಲ್ಲಿ ಏಳು ಜನ ಸೇರಿರಿ. ಅವರಲ್ಲಿ ಹೆಂಗಸರಿರಲಿ, ಬಾಡಿಗೆಯವರಿರಲಿ, ಬೇರೆ ಬೇರೆ ಸಮಾಜದವರಿರಲಿ. ನೂರು ಪುಟದ ಒಂದು ನೋಟ್‌ಬುಕ್ ತನ್ನಿರಿ. ಒಂದು ತುದಿಯಿಂದ ಹೊರಟು ಮನೆಗಳನ್ನು ಎಣಿಸಿರಿ, ಬೀಗ ಬಿದ್ದ ಮನೆಗಳ ಹೆಸರನ್ನು ಮೊದಲ ಪುಟದಲ್ಲಿ ಬರೆಯಿರಿ. ಹದಿಮೂರು ನೂರು ವರ್ಷಗಳ ಹಿಂದೆ ಪೊರಿಗೆರೆಯ ಜನ ಕಲ್ಲಿನ ಮೇಲೆ ಬರೆಸಿಕೊಂಡದ್ದೂ ಅದೇ ಮನೆಗಳ ಕಾಳಜಿಯನ್ನು.